ಎದೆಯ ಮೇಲಿನ ಬಿಳಿ ಬಿಲ್ಲೆ

"ಕಳ್ಳಾ...!"

ಕೂಗು ಮೊದಲು ಬಂತೋ, ಏಟು ಮೊದಲು ಬಿತ್ತೋ, ಆಮೇಲೆ ಇಬ್ಬರಿಗೂ ಹೇಳಲಾಗಲಿಲ್ಲ.

ಕತ್ತಲ ಕೋಣೆಯ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಏನನ್ನೋ ಕೆದಕುತ್ತಿದ್ದ ಆ ಆಕೃತಿಯ ಮೇಲೆ ಅವಳು ಲೆಡ್ ಏಪ್ರನ್ ಎತ್ತಿ ಎಸೆದಳು. ಎಕ್ಸ್‌ರೇ ತೆಗೆಯುವವರು ಹಾಕಿಕೊಳ್ಳುವ, ಸೀಸ ತುಂಬಿದ ನಿಲುವಂಗಿ ಅದು. ತೊಟ್ಟವರ ಹೆಗಲನ್ನೇ ಬಗ್ಗಿಸುವ ತೂಕ. ತಲೆಯ ಮೇಲೆ ಬಿದ್ದರೆ ಕೇಳಬೇಕೇ? ಅವನು ಬೋರಲು ಬಿದ್ದ. ಏಳುವಷ್ಟರಲ್ಲಿ, ಒಂದು ಕಾಲಕ್ಕೆ ಫಿಲಂ ಒಣಹಾಕುತ್ತಿದ್ದ ಸ್ಟೀಲಿನ ಚೌಕಟ್ಟು ಅವಳ ಕೈಯಿಂದ ಬೀಸಿ ಬಂದು ಅವನ ಹಣೆಗೆ ಠಣ್ ಎಂದು ಬಡಿಯಿತು.

"ಅಯ್ಯಯ್ಯೋ ಮೇಡಂ! ನಾನು ಕಂಪ್ಯೂಟರ್‌ನವನು! ಡಾಕ್ಟರೇ ಕರೆಸಿದ್ದು!"

"ಸುಳ್ಳು! ಡಾಕ್ಟರ್ ಊಟಕ್ಕೆ ಹೋಗಿದಾರೆ. ಕತ್ತಲಲ್ಲಿ ಕೂತು ಏನ್ ಮಾಡ್ತಿದೀಯ?"

"ದೀಪ ಹಾಕಿದೆ ಮೇಡಂ, ಕೆಂಪಗೆ ಉರೀತು. ಹೆದರಿಕೆ ಆಗಿ ಆರಿಸ್ದೆ..."

ಅವಳು ಬಾಗಿಲನ್ನು ಪೂರ್ತಿ ತೆರೆದಳು. ಬೆಳಕು ಒಳಗೆ ಬಂತು. ಅವನ ಹುಬ್ಬಿನ ಮೇಲಿಂದ ರಕ್ತ ಇಳಿಯುತ್ತಿತ್ತು. ಆದರೂ ಅವನು ಎರಡು ಕೈಯಲ್ಲೂ ಒಂದು ಕಪ್ಪು ಪೆಟ್ಟಿಗೆಯನ್ನು ಎದೆಗವಚಿ ಹಿಡಿದಿದ್ದ. ತಲೆ ಹೋದರೂ ಸರಿ, ಪೆಟ್ಟಿಗೆಗೆ ಪೆಟ್ಟಾಗಬಾರದು ಎನ್ನುವಂತೆ!

*ಅಯ್ಯೋ ದೇವರೇ... ಯಾರನ್ನು ಹೊಡೆದೆ ನಾನು?*



ಆ ಸ್ಕ್ಯಾನಿಂಗ್ ಸೆಂಟರಿನಲ್ಲಿ ಎಕ್ಸ್‌ರೇ ತೆಗೆಯುವವಳು ಅವಳು. ಎಲ್ಲರೂ ಕರೆಯುತ್ತಿದ್ದದ್ದು ಕಿಡಿ ಎಂದೇ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ಹುಟ್ಟಿದ ತಂಗಿಗೆ ಅಕ್ಕ ಇಟ್ಟ ಹೆಸರು, ಹಾಗೇ ಅಂಟಿಕೊಂಡಿತ್ತು. ಆದರೆ ಅವತ್ತಿನ ಕೋಪಕ್ಕೆ ಕಾರಣವಿತ್ತು. ಹಿಂದಿನ ವಾರ ಅವಳ ಭಾವ, ಅಂದರೆ ಅಕ್ಕನ ಗಂಡ, ತನ್ನ ಲಾರಿಗಳ ಆಳುಗಳನ್ನು ಕಟ್ಟಿಕೊಂಡು ಇಲ್ಲಿಗೆ ನುಗ್ಗಿದ್ದ. ಕಬ್ಬಿಣದ ರಾಡಿನಿಂದ ಕಂಪ್ಯೂಟರ್ ಒಡೆದು, ಕುರ್ಚಿ ಮುರಿದು, "ಈಗ ತೋರ್ಸಮ್ಮ ನಿನ್ನ ಫೋಟೋಗಳನ್ನ!" ಎಂದು ಹಲ್ಲು ಕಿರಿದು ಹೋಗಿದ್ದ.

ಫೋಟೋ ಎಂದರೆ ಅಕ್ಕನ ಎಕ್ಸ್‌ರೇಗಳು. ಮುರಿದ ಮಣಿಕಟ್ಟು, ಬಿರುಕು ಬಿಟ್ಟ ಕಾಲರ್ ಮೂಳೆ, ಪಕ್ಕೆಲುಬು... ಪ್ರತಿ ಸಲವೂ "ಮೆಟ್ಟಿಲಿಂದ ಬಿದ್ದೆ ಕಣೇ" ಎನ್ನುತ್ತಾ ಬರುತ್ತಿದ್ದ ಅಕ್ಕನನ್ನು ತನ್ನ ಕೈಯಾರೆ ಮೇಜಿನ ಮೇಲೆ ಮಲಗಿಸಿ ಕಿಡಿಯೇ ತೆಗೆದವು. ಕೊನೆಗೂ ಅಕ್ಕ ಆ ಮನೆ ಬಿಟ್ಟು ತಂಗಿಯ ಬಾಡಿಗೆ ಕೋಣೆಗೆ ಬಂದಿದ್ದಳು. ವಕೀಲೆಯೊಬ್ಬರು ಕೇಸು ಹಿಡಿದಿದ್ದರು. "ತಾರೀಖು ಸಮೇತ ಆ ಚಿತ್ರಗಳಿದ್ರೆ ಅವನು ತಪ್ಪಿಸ್ಕೊಳ್ಳೋಕಾಗಲ್ಲ. ಇಲ್ದಿದ್ರೆ ನಿಮ್ಮಕ್ಕನ ಮಾತು, ಅವನ ಮಾತು, ಅಷ್ಟೇ" ಎಂದಿದ್ದರು.

ಭಾವನ ಬುದ್ಧಿ ಅಷ್ಟರದ್ದೇ. ಅವನು ಪುಡಿಪುಡಿ ಮಾಡಿದ್ದು ಬರೀ ಪರದೆಯನ್ನು! ಚಿತ್ರಗಳಿದ್ದ ಕಂಪ್ಯೂಟರ್ ಡಬ್ಬ ಮೇಜಿನ ಕೆಳಗೆ ಧೂಳು ತಿನ್ನುತ್ತಾ ಬೆಚ್ಚಗಿತ್ತು.

ಆ ಗಲಾಟೆಗೆ ಹೆದರಿಯೇ ಡಾಕ್ಟರು, ಎಲ್ಲ ಚಿತ್ರಗಳನ್ನೂ ಒಂದು ಹೊಸ ಪೆಟ್ಟಿಗೆಗೆ ಹಾಕಿಸಿ, ಹಿಂದೆ ಕೆಂಪು ದೀಪದಲ್ಲಿ ಫಿಲಂ ತೊಳೆಯುತ್ತಿದ್ದ, ಫಿಲಂ ಕಾಲ ಹೋದ ಮೇಲೆ ಪಾಳು ಬಿದ್ದಿದ್ದ ಈ ಕತ್ತಲ ಕೋಣೆಯಲ್ಲಿ ಅಡಗಿಸಿಡಲು ಇವನನ್ನು ಕರೆಸಿದ್ದರು. ಅದನ್ನು ಕಿಡಿಗೆ ಹೇಳುವುದನ್ನು ಮಾತ್ರ ಮರೆತಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಬಿದ್ದಿತ್ತು.

ಅವಳು ಹತ್ತಿ ತಂದು ಗಾಯ ಒರೆಸಿದಳು.

"ಕ್ಷಮಿಸಿ. ನಾನು..."

"ಪರವಾಗಿಲ್ಲ ಬಿಡಿ ಮೇಡಂ. ಇಷ್ಟು ಚೆನ್ನಾಗಿ ಕಾಯೋರಿದ್ರೆ ಪೆಟ್ಟಿಗೆಗೆ ಪಾಸ್‌ವರ್ಡೇ ಬೇಡ!"

ಅಂದಿನಿಂದ ಅವನು ಅವಳ ಬಾಯಲ್ಲಿ ಪೆಟ್ಟಿಗೆಯವನಾದ.

* * *

ಪೆಟ್ಟಿಗೆಯವನ ಕೆಲಸ ಕೆಲವು ದಿನ ಹಿಡಿಯಿತು. ಮುಂದಿನ ಕೋಣೆ, ಎಕ್ಸ್‌ರೇ ಕೋಣೆ, ಡಾಕ್ಟರ ಕೋಣೆ, ಎಲ್ಲಿಯ ವಿಂಡೋಸ್ ಕಂಪ್ಯೂಟರಿನಲ್ಲಿ ಕೂತರೂ ಒಂದೇ ಪೆಟ್ಟಿಗೆಯ ಫೋಲ್ಡರುಗಳು ಕಾಣಬೇಕು. ಆದರೆ ಯಾರಿಗೆ ಯಾವುದು ಸೇರಿದ್ದೋ ಅದು ಮಾತ್ರ ತೆರೆಯಬೇಕು. ಕೇಬಲ್ ಎಳೆಯುತ್ತಾ, ಮೊಣಕಾಲೂರಿ ಮೇಜಿನ ಕೆಳಗೆ ತೂರುತ್ತಾ ಅವನು ಅವಳಿಗೆ ಎಲ್ಲವನ್ನೂ ವಿವರಿಸುತ್ತಿದ್ದ. ಕೇಳದಿದ್ದರೂ ವಿವರಿಸುತ್ತಿದ್ದ.

"ಮುಂದಿನ ಕೋಣೆಯ ದೊಡ್ಡ ಕಂಪ್ಯೂಟರ್ ಇದೆಯಲ್ಲಾ, ಅದು ಮನೆ ಯಜಮಾನ. ಈ ಪೆಟ್ಟಿಗೆ ಉಗ್ರಾಣ. ನೀವು ಬಾಗಿಲು ತಟ್ಟಿದ್ರೆ ಉಗ್ರಾಣ ಯಜಮಾನನ್ನ ಕೇಳುತ್ತೆ, ಇವರು ನಮ್ಮೋರಾ ಅಂತ. ಹೌದು ಅಂದ್ರೆ ಮಾತ್ರ ತೆಗೆಯುತ್ತೆ."

"ಪಾಸ್‌ವರ್ಡ್ ಸರಿ ಇದ್ರೆ ಸಾಕಲ್ವಾ?"

"ಸಾಲದು. ಇಬ್ಬರ ಗಡಿಯಾರಾನೂ ಹೊಂದಬೇಕು. ಸ್ವಲ್ಪ ಹಿಂದೆ ಮುಂದೆ ಆದ್ರೆ ಸುಮ್ನಿರುತ್ತೆ. ಜಾಸ್ತಿ ಆಯ್ತು ಅನ್ನಿ, ಯಾರೋ ಹಳೇ ಗುರುತು ಕದ್ದು ತಂದಿದಾರೆ ಅಂದ್ಕೊಂಡು, ಎಷ್ಟು ಸರಿಯಾದ ಹೆಸರು ಹೇಳಿದ್ರೂ ಆಚೆಗೆ ತಳ್ಳುತ್ತೆ. ಭಾರೀ ಅನುಮಾನದ ಪ್ರಾಣಿ." ಹಣೆಯ ಪಟ್ಟಿ ಮುಟ್ಟಿಕೊಂಡು ಸೇರಿಸಿದ, "ನಿಮ್ಮ ಹಾಗೇ."

ಅವಳಿಗೆ ನಗು ಬಂದುಬಿಟ್ಟಿತು! ನಕ್ಕು ಎಷ್ಟು ಕಾಲವಾಗಿತ್ತೋ. ತನ್ನ ನಗು ತನಗೇ ಅಪರಿಚಿತವೆನಿಸಿತು.

ಅಕ್ಕನ ಚಿತ್ರಗಳನ್ನು ಹಳೆಯ ಯಂತ್ರದಿಂದ ಪೆಟ್ಟಿಗೆಗೆ ಸಾಗಿಸುವಾಗ ಅವನು ಮಾತು ನಿಲ್ಲಿಸಿದ. ಒಂದಾದ ಮೇಲೊಂದು ಮೂಳೆ ಪರದೆಯ ಮೇಲೆ ಬಂದು ಹೋಗುತ್ತಿತ್ತು.

"ಇಷ್ಟು ಸಲ ಯಾರೂ ಮೆಟ್ಟಿಲಿಂದ ಬೀಳಲ್ಲ ಮೇಡಂ" ಎಂದ, ಬಹಳ ಮೆಲ್ಲಗೆ.

ಡಾಕ್ಟರು ಇವನ್ನೆಲ್ಲ ನೋಡಿಯೂ "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಕಣಮ್ಮ" ಎಂದು ಕೈತೊಳೆದುಕೊಂಡಿದ್ದವರು. ಈ ಅಪರಿಚಿತ ಒಂದೇ ನೋಟಕ್ಕೆ ನಿಜ ಹೇಳಿದ್ದ. ಕಿಡಿ ಮುಖ ತಿರುಗಿಸಿ ಅತ್ತಳು. ಅವನು ನೋಡದವನಂತೆ ಕೇಬಲ್ ಸುತ್ತುತ್ತಾ ಕೂತ. ಆಮೇಲೆ ಆ ಫೋಲ್ಡರಿಗೆ ಅವಳೊಬ್ಬಳ ಹೆಸರನ್ನು ಮಾತ್ರ ಕೊಟ್ಟ. ಡಾಕ್ಟರಿಗೂ ಇಲ್ಲ.

*ಇವನ ಹತ್ತಿರ ಇದ್ದರೆ ಯಾಕೆ ಇಷ್ಟು ಹಗುರ ಅನ್ನಿಸುತ್ತೆ?*

ಕೊನೆಯ ದಿನ ಅವಳೇ ಕಾಫಿ ಮಾಡಿ ತಂದಳು. ಅವನು ಪೆಟ್ಟಿಗೆಯ ಮುಚ್ಚಳ ಬಿಚ್ಚಿ, ನಾಣ್ಯದಂಥದ್ದೊಂದನ್ನು ಬೆರಳಲ್ಲಿ ಹಿಡಿದು ಕೂತಿದ್ದ. ಅವಳನ್ನು ಕಂಡದ್ದೇ ಅದನ್ನು ಅಂಗಿಯ ಜೇಬಿಗೆ ಇಳಿಬಿಟ್ಟು, ಲೋಟವನ್ನು ಎರಡೂ ಕೈಯಲ್ಲಿ ತೆಗೆದುಕೊಂಡ.

"ಸಕ್ಕರೆ ಸರಿ ಇದೆಯಾ?"

"ಸಕ್ಕರೆ ಹಾಕಿದೀರಾ ಮೇಡಂ?"

"ಅಯ್ಯೋ! ಹಾಕೇ ಇಲ್ಲ!"

"ಹಾಗಾದ್ರೆ ಈ ಸಿಹಿ ಎಲ್ಲಿಂದ ಬಂತೋ!"

ಅವಳ ಕೆನ್ನೆ ಕೆಂಪಾಯಿತು. ಮಾತಿಗೆ ಮಾತು ಬೆಳೆಯಿತು. ಅವನು ಮುಚ್ಚಳ ಹಾಕಿ ತಿರುಪು ಬಿಗಿದ. ಪೆಟ್ಟಿಗೆ ಗುಂಯ್‌ಗುಡುತ್ತಾ ಕೆಲಸ ಶುರುಮಾಡಿತು. ತನ್ನ ಕೆಲಸ ಮುಗಿಯಲೆಂದೇ ಕಾದಿತ್ತೋ ಏನೋ, ಹಳೆಯ ಯಂತ್ರ ಮಾರನೇ ದಿನ ಕಣ್ಣು ಮುಚ್ಚಿತು. ಇನ್ನೊಂದು ನಕಲು ಮಾಡಲು ಹೊಸ ಡಿಸ್ಕ್ ತರಿಸಬೇಕಿತ್ತು, ಅದಿನ್ನೂ ಬಂದಿರಲಿಲ್ಲ. ಅಕ್ಕನ ನ್ಯಾಯವೆಲ್ಲ ಈಗ ಆ ಒಂದೇ ಪೆಟ್ಟಿಗೆಯಲ್ಲಿತ್ತು.

* * *

ಸುಖ ಹೆಚ್ಚು ಹೊತ್ತು ನಿಲ್ಲುವಂಥದ್ದಲ್ಲ.

ಒಂದು ಸಂಜೆ ಕಿಡಿ ಮನೆಗೆ ಹೊರಟಾಗ ರಸ್ತೆಯ ಆಚೆ ಬದಿಗೆ ಭಾವನ ಕಾರು ನಿಂತಿತ್ತು. ಅದರ ಬಾಗಿಲು ತೆರೆಯಿತು. ಇಳಿದವನು... ಪೆಟ್ಟಿಗೆಯವನು! ಒಳಗಿಂದ ಭಾವನ ದಪ್ಪ ಕೈ ಹೊರಬಂದು ಅವನ ಹೆಗಲು ತಟ್ಟಿತು.



*ಇಲ್ಲ... ಇರಲಾರದು. ಬೇರೆ ಏನೋ ಕೆಲಸವಿರಬಹುದು.*

ಇಡೀ ರಾತ್ರಿ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಬೆಳಗ್ಗೆ ಯಾರಿಗಿಂತಲೂ ಮೊದಲು ಸೆಂಟರಿಗೆ ಓಡಿದಳು. ಅವತ್ತೇ ವಕೀಲೆಗೆ ಚಿತ್ರಗಳನ್ನು ಕೊಡಬೇಕಿತ್ತು. ರಾತ್ರಿ ಕರೆಂಟು ಹೋಗಿ ಬಂದಿತ್ತೆಂದು ಕಾಣುತ್ತದೆ, ಎಕ್ಸ್‌ರೇ ಕೋಣೆಯ ಪಕ್ಕದ ಗಾಜಿನ ಕಿಟಕಿಯ ಹಿಂದಿದ್ದ ಯಂತ್ರಗಳೆಲ್ಲ ಮಿಣುಕುತ್ತಿದ್ದವು. ಅವಳು ಕೂತು ಹೆಸರು ಹೊಡೆದಳು, ಪಾಸ್‌ವರ್ಡ್ ಹೊಡೆದಳು.

ಪ್ರವೇಶವಿಲ್ಲ.

ಮತ್ತೆ ಹೊಡೆದಳು. ಒಂದೊಂದೇ ಅಕ್ಷರ ನೋಡಿ ಹೊಡೆದಳು.

ಪ್ರವೇಶವಿಲ್ಲ!

ಅಷ್ಟರಲ್ಲೇ "ಬೇಗ ಬಂದ್ಬಿಟ್ರಾ ಮೇಡಂ? ಡಿಸ್ಕ್ ಸಿಕ್ತು!" ಎನ್ನುತ್ತಾ ಪೆಟ್ಟಿಗೆಯವನು ಒಳಗೆ ಬಂದ. ಕಿಡಿ ಎದ್ದಳು. ಅವಳಿಗೇ ತಿಳಿಯುವ ಮೊದಲು ಅವಳ ಕೈ ಎದ್ದಿತ್ತು. ಛಟೀರ್! ಹಣೆಯ ಹಳೆಯ ಗಾಯ ಮತ್ತೆ ಬಿಚ್ಚಿಕೊಂಡಿತು.

"ಎಷ್ಟಕ್ಕೆ ಮಾರ್ಕೊಂಡ್ರಿ ನಮ್ಮಕ್ಕನ್ನ?"

"ಮೇಡಂ?"

"ನಿನ್ನೆ ಅವನ ಕಾರಿಂದ ಇಳಿದಿದ್ದು ನೋಡಿದೆ! ಇವತ್ತು ಬಾಗಿಲು ಮುಚ್ಚಿದೆ! ಹೆಸರು ಸರಿ, ಪಾಸ್‌ವರ್ಡ್ ಸರಿ, ಆದ್ರೂ ಬಿಡ್ತಿಲ್ಲ! ನಂಬಿದ್ದೆ ರೀ ನಿಮ್ಮನ್ನ... ಕಣ್ಣು ಮುಚ್ಚಿ ನಂಬಿದ್ದೆ!"

ಅವನು ಕೆನ್ನೆ ಮುಟ್ಟಿಕೊಳ್ಳಲೂ ಇಲ್ಲ. ಪರದೆಯನ್ನು ನೋಡಿದ, ಗೋಡೆಯ ಗಡಿಯಾರ ನೋಡಿದ. "ಕರೆಂಟು ಹೋಗಿತ್ತಾ?" ಎಂದ. ಅವನ ಮುಖ ಬಿಳುಪೇರಿತು. "ಮೇಡಂ, ಒಂದು ನಿಮಿಷ ನನ್ನ ಮಾತು..."

ಹೊರಬಾಗಿಲು ಒದೆಗೆ ಧಡಾರನೆ ತೆರೆದುಕೊಂಡಿತು.

* * *

ಭಾವ ಅಕ್ಕನನ್ನು ಕೂದಲು ಹಿಡಿದು ಎಳೆದುಕೊಂಡು ಬಂದಿದ್ದ. ಅಕ್ಕನ ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ. ಹಿಂದೆ ಇಬ್ಬರು ಆಳುಗಳು, ಕೈಯಲ್ಲಿ ರಾಡು.

"ಏನಮ್ಮಾ ನಾದಿನಿ! ಹೋದ ಸಲ ಒಡೆದೆ, ಏನೂ ಹೋಗಿಲ್ಲ ಅಂತ ಆಮೇಲೆ ಗೊತ್ತಾಯ್ತು. ಎಲ್ಲಿಟ್ಟಿದೀಯೋ ಯಾರಿಗೆ ಗೊತ್ತು. ಈ ಸಲ ಒಡೆಯಲ್ಲ. ನನ್ನ ಕಣ್ಣೆದುರಿಗೆ ನೀನೇ ತೆಗೆ. ನೀನೇ ಅಳಿಸು."

"ಆಗಲ್ಲ!"

ಭಾವ ಅಕ್ಕನ ಮಣಿಕಟ್ಟು ಹಿಡಿದು ತಿರುಚಿದ. ಹಿಂದೆ ಮುರಿದಿದ್ದ ಅದೇ ಕೈ. ಅಕ್ಕನ ಬಾಯಿಂದ ಸದ್ದು ಹೊರಟದ್ದೇ ಕಿಡಿ ಕೀಬೋರ್ಡಿನತ್ತ ಹಾರಿದಳು.

"ಅಳಿಸ್ತೀನಿ! ಬಿಡು ಅವಳನ್ನ, ಅಳಿಸ್ತೀನಿ!"

"ಬೇಡ ಕಿಡಿ!" ಅಕ್ಕ ಚೀರಿದಳು. "ಕೈ ಹೋದ್ರೆ ಹೋಗ್ಲಿ, ಅಳಿಸಬೇಡ ಕಣೇ!"

ಕಿಡಿ ಕಣ್ಣೀರಿನಲ್ಲೇ ಹೆಸರು ಹೊಡೆದಳು, ಪಾಸ್‌ವರ್ಡ್ ಹೊಡೆದಳು. ಪ್ರವೇಶವಿಲ್ಲ. ಮತ್ತೆ. ಪ್ರವೇಶವಿಲ್ಲ.

"ಆಟ ಆಡ್ತೀಯಾ?" ಭಾವನ ಕೈ ಬೀಸಿ ಬಂತು. ಅವಳ ತುಟಿ ಒಡೆದು ಬಾಯಿ ತುಂಬ ಉಪ್ಪು. ಆದರೆ ಅವಳನ್ನು ನಡುಗಿಸಿದ್ದು ಆ ನೋವಲ್ಲ. ಆ ಕೈ ಎದ್ದ ರೀತಿ! ವಿಚಾರಿಸದೆ, ಕೇಳದೆ, ಹಾಗೇ ಎದ್ದ ಕೈ... ಈಗ ತಾನೇ ತನ್ನ ಕೈಯೂ ಹಾಗೇ ಎದ್ದಿತ್ತಲ್ಲ!

"ನಿಲ್ಸಿ!" ಪೆಟ್ಟಿಗೆಯವನು ನಡುವೆ ಬಂದು ನಿಂತ. "ಅವರಿಗೆ ತೆಗೆಯೋಕೆ ಬರಲ್ಲ. ಮುಚ್ಚಿರೋನು ನಾನು. ತೆಗೆಯೋದು ಹೇಗೆ ಅಂತ ಗೊತ್ತಿರೋನೂ ನಾನೊಬ್ಬನೇ. ಅವರಿಬ್ಬರನ್ನೂ ಬಿಡಿ."

"ನೀನಾ? ನಿನ್ನೆ ಕಾಲರ್ ಹಿಡಿದು ಕಾರಲ್ಲಿ ಕೂರಿಸ್ಕೊಂಡು, ಆ ಫೋಟೋ ಅಳಿಸಿದ್ರೆ ನನ್ನ ಎಲ್ಲಾ ಆಫೀಸಿನ ಕಂಪ್ಯೂಟರ್ ಕೆಲಸ ಕೊಡ್ತೀನಿ ಅಂದೆ. ಬೇಡ ಅಂದೆ ನೀನು. ಹೆಗಲು ತಟ್ಟಿ ಕಳಿಸಿದ್ದು ಯೋಚನೆ ಮಾಡ್ಲಿ ಅಂತ. ಮಾಡಿದ್ಯಾ?"

"ಮಾಡ್ದೆ. ಇವತ್ತೂ ಬೇಡ."

ಕಿಡಿಯ ಕಿವಿಯಲ್ಲಿ ಆ ಮಾತು ಸಿಡಿಲಿನಂತೆ ಬಿತ್ತು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ!

ಆಮೇಲೆ ಅವರು ಅವನನ್ನು ಹೊಡೆದರು. ರಾಡು ಬೆನ್ನಿಗೆ ಬಿತ್ತು. ಬಿದ್ದವನ ಪಕ್ಕೆಗೆ ಬೂಟುಕಾಲು ಒದೆಯಿತು, ಮತ್ತೆ ಒದೆಯಿತು. ಭಾವ ಅವನ ಬಲಗೈ ಬೆರಳುಗಳ ಮೇಲೆ ಹಿಮ್ಮಡಿ ಊರಿ ತಿರುಗಿಸಿದ.

"ಪಾಸ್‌ವರ್ಡ್ ಬೊಗಳೋ!"

"ಪಾಸ್‌ವರ್ಡ್... ಸರಿಯಾಗೇ ಇದೆ..." ಅವನು ರಕ್ತ ಉಗಿದು ಕಿಡಿಯತ್ತ ನೋಡಿದ. ಆ ಸ್ಥಿತಿಯಲ್ಲೂ ತುಟಿ ಕೊಂಕಿತು. "ಹೊತ್ತು... ಸರಿ ಇಲ್ಲ."

ಹೊತ್ತು!

ಅವಳಿಗೆ ಥಟ್ಟನೆ ಹೊಳೆಯಿತು. ಪೆಟ್ಟಿಗೆಯ ಗಡಿಯಾರ ಯಾವುದೋ ಹಳೆಯ ಕಾಲದಲ್ಲಿ ನಿಂತಿದೆ. ಅದಕ್ಕೇ ಯಾರನ್ನೂ ನಂಬುತ್ತಿಲ್ಲ. ಗಡಿಯಾರ ಸರಿಮಾಡಿ ಎಂದು ಬಾಯಿ ಬಿಟ್ಟರೆ ಸಾಕು, ಒದೆ ನಿಲ್ಲುತ್ತದೆ, ಚಿತ್ರಗಳು ಹೋಗುತ್ತವೆ. ಅವನು ಹಲ್ಲು ಕಚ್ಚಿ ಬಾಯಿ ಮುಚ್ಚಿದ. ಯಾರ ಅಕ್ಕನಿಗಾಗಿಯೋ, ತನ್ನನ್ನು ಎರಡು ಸಲ ಹೊಡೆದವಳ ಅಕ್ಕನಿಗಾಗಿ!

ಗೋಡೆಯ ಮೊಳೆಗೆ ಲೆಡ್ ಏಪ್ರನ್ ತೂಗುಬಿದ್ದಿತ್ತು.

ಕಿಡಿ ಅದನ್ನು ಕಿತ್ತು ಭಾವನ ತಲೆಯ ಮೇಲೆ ಹಾಕಿ, ಹಿಂದಿನಿಂದ ಮೈಭಾರ ಬಿಟ್ಟು ಜೋತುಬಿದ್ದಳು. ಅವನು ಕುರುಡುಗೂಳಿಯಂತೆ ತಿರುಗಿದ. ಅಕ್ಕನ ಕೈ ಬಿಟ್ಟುಹೋಯಿತು. ಅಕ್ಕ ಓಡಲಿಲ್ಲ! ಜೀವಮಾನದಲ್ಲಿ ಇರುವೆಯನ್ನೂ ಹೊಸಕದ ಅಕ್ಕ, ಮೇಜಿನ ಮೇಲಿದ್ದ ಚಿತ್ರ ಹಿಡಿಯುವ ಎಕ್ಸ್‌ರೇ ಕ್ಯಾಸೆಟ್ಟಿನ ಭಾರದ ತಗಡನ್ನು ಎರಡೂ ಕೈಯಲ್ಲಿ ಎತ್ತಿದಳು.

"ಇದು ನನ್ನ ಮಣಿಕಟ್ಟಿಗೆ!" ಧಡ್! "ಇದು ಹೆಗಲಿಗೆ! ಇದು ಪಕ್ಕೆಗೆ! ಇದು... ಇದು ಆ ಮೆಟ್ಟಿಲಿಗೆ ಕಣೋ! ನಮ್ಮನೇಲಿ ಇಲ್ದೇ ಇರೋ ಮೆಟ್ಟಿಲಿಗೆ!"

ಆಳುಗಳು ಬೆಪ್ಪಾಗಿ ನೋಡುತ್ತಿರುವಷ್ಟರಲ್ಲಿ ಅವನು ಹಿಮ್ಮೆಟ್ಟುತ್ತಾ ಎಕ್ಸ್‌ರೇ ಕೋಣೆಯೊಳಗೆ ಮುಗ್ಗರಿಸಿದ. ಕಿಡಿ ಸೀಸದ ಬಾಗಿಲನ್ನು ಎಳೆದು ಚಿಲಕ ಜಡಿದಳು. ಯಂತ್ರದ ಗುಂಡಿಯನ್ನು ಅರ್ಧ ಒತ್ತಿದಳು. ಒಳಗೆ ಮೋಟಾರು ಗಿರ್ರೆಂದಿತು, ಬಾಗಿಲ ಮೇಲೆ ಕೆಂಪು ದೀಪ ಹೊತ್ತಿತು.

"ಎಕ್ಸ್‌ರೇ ಬಿಟ್ಟಿದೀನಿ!" ಆಳುಗಳತ್ತ ತಿರುಗಿ ಕಿರುಚಿದಳು. "ಇಲ್ಲೇ ನಿಂತಿದ್ರೆ ಜನ್ಮದಲ್ಲಿ ಮಕ್ಕಳಾಗಲ್ಲ ನಿಮಗೆ!"

ಬಾಗಿಲ ಮೇಲಿನ ಹಳದಿ ಎಚ್ಚರಿಕೆ ಚಿಹ್ನೆಯನ್ನು ಅವರು ನೋಡಿದರು. ಒಬ್ಬರನ್ನೊಬ್ಬರು ನೋಡಿದರು. ರಾಡು ಬಿಸಾಕಿ ಎದ್ದೆವೋ ಬಿದ್ದೆವೋ ಎಂದು ಓಡಿದರು.

ಒಳಗಿಂದ ಭಾವ ಬಾಗಿಲು ಬಡಿಯುತ್ತಿದ್ದ.

"ಅಲುಗಾಡಬೇಡಿ ಭಾವ" ಎಂದು ಮೈಕಿನಲ್ಲಿ ಹೇಳಿದಳು ಕಿಡಿ. "ಚಿತ್ರ ಕೆಡುತ್ತೆ."

ತಿರುಗಿದ್ದು ಬರೀ ಮೋಟಾರು, ಕಿರಣ ಒಂದೂ ಬಿಟ್ಟಿರಲಿಲ್ಲ. ಪೊಲೀಸರು ಬಂದು ಬಾಗಿಲು ತೆಗೆದಾಗ ಆ ಮಹಾಶೂರ ಲೆಡ್ ಏಪ್ರನ್ ಹೊದ್ದು ಮೇಜಿನ ಕೆಳಗೆ ಮುದುರಿ ಕೂತಿದ್ದ. ಅವರಿಗೆ ಫೋನು ಮಾಡಿದ್ದು, ಆಗ ತಾನೇ ಬಂದಿದ್ದ ಡಾಕ್ಟರು. ಇನ್ಸ್‌ಪೆಕ್ಟರು "ಗಂಡ ಹೆಂಡತಿ ಜಗಳವಾ?" ಎಂದು ಕೇಳಿದಾಗ ಡಾಕ್ಟರು ತಲೆ ತಗ್ಗಿಸಿ, "ಅಲ್ಲ. ಕೊಲೆ ಪ್ರಯತ್ನ. ನಾನೂ ಇಷ್ಟು ದಿನ ನೋಡಿ ಸುಮ್ಮನಿದ್ದೆ" ಎಂದರು.

ಪೆಟ್ಟಿಗೆಯವನು ಗೋಡೆ ಹಿಡಿದುಕೊಂಡು ಎದ್ದು, ಎಡಗೈಯಲ್ಲೇ ಪೆಟ್ಟಿಗೆಯ ಗಡಿಯಾರ ಸರಿಮಾಡಿದ. "ಈಗ ನೋಡಿ" ಎಂದ.

ಕಿಡಿ ಹೆಸರು ಹೊಡೆದಳು, ಪಾಸ್‌ವರ್ಡ್ ಹೊಡೆದಳು. ಫೋಲ್ಡರ್ ತೆರೆಯಿತು.

ಅಕ್ಕ ಪರದೆಯ ಹತ್ತಿರ ಬಂದು ತನ್ನ ಮೂಳೆಗಳನ್ನು ಮೊದಲ ಸಲ ಸಾಲಾಗಿ ನೋಡಿದಳು. "ಇಷ್ಟೆಲ್ಲ ನಾನೇನಾ?" ಎಂದಳು. ಆಮೇಲೆ ಕಣ್ಣೊರೆಸಿಕೊಂಡು ಇನ್ಸ್‌ಪೆಕ್ಟರತ್ತ ತಿರುಗಿ, "ದೂರಿಗೆ ಎಲ್ಲಿ ಸಹಿ ಹಾಕಬೇಕು ಹೇಳಿ ಸರ್" ಎಂದಳು.

* * *

ಜನವೆಲ್ಲ ಹೋದ ಮೇಲೆ ಕಿಡಿ ಅವನನ್ನು ಎಕ್ಸ್‌ರೇ ಯಂತ್ರದ ಮುಂದೆ ನಿಲ್ಲಿಸಿದಳು. ನೋವಿಗೆ ಅಂಗಿ ಬಿಚ್ಚಲು ಅವನ ಕೈ ಮೇಲೇಳಲಿಲ್ಲ. ಇರಲಿ ಎಂದು ಹಾಗೇ ತೆಗೆದಳು. ಚಿತ್ರ ಪರದೆಗೆ ಬಂತು. ಪಕ್ಕೆಲುಬಿನಲ್ಲೊಂದು ಬಿರುಕು. ಮತ್ತೆ...

ಎದೆಯ ಎಡಕ್ಕೆ, ಅಚ್ಚ ಬಿಳಿಯ ಒಂದು ದುಂಡನೆಯ ಬಿಲ್ಲೆ!

"ಏನ್ರೀ ಇದು? ಎದೆಯೊಳಗೆ ಏನು ಹೊಕ್ಕಿದೆ?"

ಅವನೂ ಗಾಬರಿಯಾಗಿ ಎಡಗೈಯಿಂದ ಎದೆ ತಡವಿದ. ಜೇಬಿಗೆ ಬೆರಳು ಹೋಯಿತು. ಹೊರಬಂದದ್ದು ನಾಣ್ಯದಂಥ ಒಂದು ಪುಟ್ಟ ಬ್ಯಾಟರಿ.

"ಇಲ್ಲಿತ್ತಾ ಇದು! ಅವತ್ತು ಹಾಕಿದ್ದ ಅಂಗಿನೇ ಇದು!" ಎಂದವನು ಹಾಗೇ ತಲೆ ಬಗ್ಗಿಸಿದ. "ಮೇಡಂ, ನಿಮಗೆ ಸುಳ್ಳು ಹೇಳಲಾರೆ. ಬಾಗಿಲು ನಾನು ಬೇಕಂತ ಮುಚ್ಚಿದ್ದಲ್ಲ. ಕರೆಂಟು ಹೋದಾಗ ಪೆಟ್ಟಿಗೆಗೆ ಹೊತ್ತು ನೆನಪಿಸೋದು ಈ ಬ್ಯಾಟರಿ. ಹಳೇದು ಸತ್ತಿತ್ತು. ಹೊಸದು ಹಾಕೋಣ ಅಂತ ಕೈಯಲ್ಲಿ ಹಿಡಿದಿದ್ದೆ. ಅಷ್ಟರಲ್ಲಿ ನೀವು ಕಾಫಿ ತಂದ್ರಿ. ಮರ್ತೇಬಿಟ್ಟೆ."

"ಕಾಫಿಗಾ?"

"ಕಾಫಿಗಲ್ಲ."

ಅವಳು ಬ್ಯಾಟರಿಯನ್ನು ಅಂಗೈಯಲ್ಲಿ ಹಿಡಿದು ನಿಂತಳು. ಈ ಒಂದು ಮರೆವು ಅಕ್ಕನನ್ನು ಉಳಿಸಿತ್ತು. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದಳು.

"ಕಾರಿನ ವಿಷಯ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಿನ್ನೇನೇ ಅವರ ಮನೆಗೆ ನುಗ್ಗಿ ಹೊಡೆದು ಬರ್ತಿದ್ರಿ. ಹೆದರಿಕೆ ಆಯ್ತು."

"ಬಿಲ್ಲೆ ಅಡ್ಡ ಬಂದಿದೆ, ಇನ್ನೊಂದು ಚಿತ್ರ ತೆಗೀಬೇಕು. ನಿಲ್ಲಿ" ಎಂದು ಅವಳು ಗಾಜಿನ ಕಿಟಕಿಯ ಹಿಂದೆ ಹೋದಳು. ಮೈಕು ಹಿಡಿದಳು. "ಉಸಿರು ಎಳ್ಕೊಳ್ಳಿ..."

"ಮೇಡಂ, ಅದಕ್ಕೆ ಮುಂಚೆ ಒಂದು ಮಾತು. ನನ್ನನ್ನ ಮದುವೆ ಆಗ್ತೀರಾ?"

ಗುಂಡಿಯ ಮೇಲಿದ್ದ ಅವಳ ಬೆರಳು ಅಲ್ಲೇ ನಿಂತಿತು.

"ಉಸಿರು ಎಳ್ಕೊಳ್ಳಿ ಅಂದೆ. ಹಾಂ... ಹಿಡ್ಕೊಳ್ಳಿ. ಈಗ ನಾನು ಮಾತಾಡ್ತೀನಿ, ನೀವು ಸುಮ್ನಿರಬೇಕು."

ಅವನು ಉಸಿರು ಹಿಡಿದು ನಿಂತ.

"ನಿಮ್ಮನ್ನ ನಾನು ಎರಡು ಸಲ ಹೊಡೆದೆ. ಎರಡು ಸಲವೂ ಕೇಳದೇ ಹೊಡೆದೆ. ಭಾವ ಕೈ ಎತ್ತಿದಾಗ ನನ್ನ ಕೈಯೇ ಕಾಣಿಸ್ತು ನನಗೆ. ಇನ್ನು ಎತ್ತಲ್ಲ. ನಮ್ಮನೇಲಿ ಇನ್ಮೇಲೆ ಯಾರೂ ಯಾರ ಮೇಲೂ ಕೈ ಎತ್ತೋ ಹಾಗಿಲ್ಲ. ನಾನೂ, ನೀವೂ. ಈ ಮಾತಿಗೆ ಒಪ್ಪಿಗೆ ಇದ್ರೆ... ನಿಮ್ಮ ಮಾತಿಗೆ ನನ್ನ ಒಪ್ಪಿಗೆ ಇದೆ."

ಅವನ ಮುಖ ಕೆಂಪಾಗಿತ್ತು. ಕಣ್ಣು ತುಂಬಿತ್ತು. ಉಸಿರು ಹಿಡಿದೇ ತಲೆ ಆಡಿಸಿದ. ಜೋರಾಗಿ, ಮತ್ತೆ ಮತ್ತೆ.

"ಅಲುಗಾಡಬೇಡಿ ರೀ..." ಅವಳು ಅಳುತ್ತಲೇ ನಕ್ಕಳು. ಗುಂಡಿ ಒತ್ತಿದಳು.

"ಆಯ್ತು. ಉಸಿರು ಬಿಡಿ."